ಕೇಳಿಸದ ಗೆರೆ

ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಅಂಗಡಿಯೊಂದರ ಮಹಡಿಯ ಮೇಲೆ ಕೂತು ನಾನು ಪುಸ್ತಕಗಳ ಡಿಟಿಪಿ ಮಾಡುತ್ತೇನೆ. ಕುರುಗೋಡಿನ ನಿವೃತ್ತ ಮಾಸ್ತರೊಬ್ಬರು ಭತ್ತಕ್ಕೆ ಔಷಧ ಹೊಡೆಯುವ ಬಗ್ಗೆ ಪುಟ್ಟ ಪುಸ್ತಕ ಬರೆದಿದ್ದರು. ರೈತರು ಮಾಡುವ ತಪ್ಪನ್ನು ಹಾಗೇ ಬರೆದು ಅದರ ಮೇಲೆ ಗೆರೆ ಹೊಡೆಯಬೇಕೆಂಬುದು ಅವರ ಹಟ. ಅದಕ್ಕೆಂದೇ ‘ಬ್ಯಾಡ’ ಎಂಬ ಕಮಾಂಡ್ ಮಾಡಿಕೊಂಡೆ. ಅದರೊಳಗೆ ಹಾಕಿದ ವಾಕ್ಯದ ಮೇಲೆ ಅಚ್ಚಿನಲ್ಲಿ ತಾನೇ ಗೆರೆ ಬೀಳುತ್ತಿತ್ತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆಮೇಲೆ ಪುಸ್ತಕ ಫೋನಿನಲ್ಲೂ ಸಿಗಲಿ ಎಂದರು ಮಾಸ್ತರು. ಫೈಲನ್ನು ಎಚ್‌ಟಿಎಂಎಲ್ ವೆಬ್ ಪುಟವಾಗಿ ಮಾಡುವ ಪ್ರೋಗ್ರಾಮಿಗೆ ಕೊಟ್ಟೆ. ಪುಟ ಚೆಂದ ಬಂತು. ಸಿರಿಗೇರಿಯ ಅಕ್ಕನಿಗೆ ಲಿಂಕ್ ಕಳಿಸಿದೆ. ಅಲ್ಲಿ ಗದ್ದೆಯ ಕೆಲಸವೆಲ್ಲ ಅವಳದೇ.

ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಪುಟ ತೆರೆದೆ. ‘ಪಂಪಿನ ತುದಿಯ ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದಿ ತೆಗೆಯಿರಿ’ ಎಂದಿತ್ತು. ಗೆರೆ ಇರಲಿಲ್ಲ. ನನ್ನ ಕಮಾಂಡ್ ಆ ಪ್ರೋಗ್ರಾಮಿಗೆ ಗೊತ್ತಿಲ್ಲ. ಅದನ್ನು ಬಿಟ್ಟು ಒಳಗಿನ ಮಾತನ್ನಷ್ಟೇ ಉಳಿಸಿತ್ತು. ಮಾಡಬಾರದ್ದೆಲ್ಲ ಮಾಡಿ ಎಂದಾಗಿತ್ತು, ಅದೂ ಮಾಸ್ತರ ಹೆಸರಿನಲ್ಲಿ.

ಅಕ್ಕ ಫೋನ್ ಎತ್ತಲಿಲ್ಲ. ಪ್ರೋಗ್ರಾಮಿನ ನಿಯಮಗಳಿರುವ ಫೈಲ್ ತೆರೆದು, ‘ಬ್ಯಾಡ’ ಬಂದಲ್ಲೆಲ್ಲ ಗೆರೆ ಎಳೆಯುವ ಎಚ್‌ಟಿಎಂಎಲ್ ಟ್ಯಾಗ್ ಹಾಕು ಎಂದು ಸೇರಿಸಿದೆ. ಅವಸರದಲ್ಲಿ ಎರಡು ಸಲ ತಪ್ಪಿದೆ. ಹೊಸ ಪುಟ ಏರಿಸಿದಾಗ ಗೆರೆ ಬಂತು. ಸ್ವಲ್ಪ ಹೊತ್ತಿಗೆ ಅಕ್ಕನೇ ಫೋನ್ ಮಾಡಿದಳು.

“ಗದ್ದ್ಯಾಗ ಅದೀನಿ ತಮ್ಮಾ, ಔಷಧ ಹೊಡ್ಯಾಕ ಬಂದೀನಿ.”

“ನಾ ಕಳಿಸಿದ್ದ್ರಾಗ ತಪ್ಪಿತ್ತು ಅಕ್ಕಾ. ಈಗ ಸರಿ ಮಾಡೀನಿ, ಮತ್ತೊಮ್ಮೆ ನೋಡು.”

“ನನಗೆಲ್ಲಿ ಓದಾಕ ಬರತೈತಿ? ಫೋನೇ ಓದಿ ಹೇಳತೈತಿ. ಈಗಷ್ಟ ಕೇಳಿದೆ. ಇಲ್ಲಿ ನಾಜಲ್ ಕಟ್ಟೈತಿ, ಊದು ಅಂತೈತಿ.”

ಅಕ್ಕ ಶಾಲೆಗೆ ಹೋದವಳಲ್ಲ ಎಂಬುದನ್ನೇ ಮರೆತಿದ್ದೆನಲ್ಲ. ಗೆರೆ ಕಣ್ಣಿಗೆ ಕಾಣುತ್ತದೆ, ಫೋನು ಅದನ್ನು ಓದುವುದಿಲ್ಲ.

“ಊದಬ್ಯಾಡ. ಬಾಯಿ ಹಚ್ಚಬ್ಯಾಡ ಅಕ್ಕಾ. ನೀರಾಗ ತೊಳಿ.”

ಆ ಕಡೆ ಗಾಳಿಯ ಸದ್ದು ಜೋರಿತ್ತು, ಅದನ್ನೇ ಮತ್ತೊಮ್ಮೆ ಕೂಗಿ ಹೇಳಿದೆ.

“ಬಾಯಿ ಹತ್ರ ಹಿಡಿದಿದ್ದೆ,” ಎಂದಳು. “ಕೆಳಗಿಟ್ಟೆ ಬಿಡು.”

ಅಂದೇ ಪುಟ ತೆಗೆದುಹಾಕಿ ನಿಯಮ ಬದಲಿಸಿದೆ. ಈಗ ಗೆರೆಯ ಜೊತೆಗೆ, ವಾಕ್ಯದ ಮುಂದೊಮ್ಮೆ ಹಿಂದೊಮ್ಮೆ ‘ಬ್ಯಾಡ’ ಎಂಬ ಮಾತೇ ಬರುತ್ತದೆ. ಏರಿಸುವ ಮೊದಲು ಕಣ್ಣು ಮುಚ್ಚಿ ಇಡೀ ಪುಸ್ತಕ ಫೋನಿನಿಂದ ಓದಿಸಿ ಕೇಳಿದೆ.

“ಎರಡೆರಡು ಸಲ ಯಾಕ್ರಿ?” ಎಂದರು ಮಾಸ್ತರು.

“ಗದ್ದ್ಯಾಗ ಗಾಳಿ ಭಾಳ ಇರತೈತ್ರಿ,” ಎಂದೆ. “ಒಂದು ಹಾರಿಹೋದರೂ ನಮ್ಮಕ್ಕಗ ಇನ್ನೊಂದು ಕೇಳಿಸಬೇಕು.”