ಆರ್ಡೆಲ್‌ಗೆಂದು ಬೇರೆ ಮಾಡಿದ ಸೂಪು

ಆರ್ಡೆಲ್ ಬ್ರೆಕ್ಕೆ ನಮ್ಮ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವಳು. ಮದುವೆಯಿರಲಿ, ಸಾವಿರಲಿ, ಆರ್ಗನ್ನಿನ ಬೆಂಚಿನ ಮೇಲೆ ಅವಳ ನೆಟ್ಟನೆಯ ಬೆನ್ನು ಕಾಣಬೇಕಿತ್ತು. ಐವತ್ತು ದಾಟಿದ ಮೇಲೆ ಬೆರಳ ಗಂಟುಗಳು ಊದಿಕೊಂಡವು. ಡಾಕ್ಟರು ಕೊಟ್ಟ ಮಾತ್ರೆ ಹೊಟ್ಟೆ ಸುಟ್ಟಿತೇ ಹೊರತು ಬೆರಳು ಬಿಡಿಸಲಿಲ್ಲ. ಕೊನೆಗೆ ಪಾದ್ರಿಗಳು ಒಂದು ಯಂತ್ರ ತಂದಿಟ್ಟರು. ಗುಂಡಿ ಒತ್ತಿದರೆ ಸಾಕು, ಕೀರ್ತನೆ ತಾನೇ ನುಡಿಯುತ್ತಿತ್ತು. ಆರ್ಡೆಲ್ ಹಿಂದಿನ ಸಾಲಿನಲ್ಲಿ ಕೂತು ಕೈಗಳನ್ನು ಕೋಟಿನ ಜೇಬಿನಲ್ಲಿ ಅಡಗಿಸಿಕೊಳ್ಳತೊಡಗಿದಳು. ಯಾರೂ ಏನೂ ಕೇಳಲಿಲ್ಲ. ಅಮೆರಿಕದ ಈ ಮಿನೆಸೋಟ ಸೀಮೆಯ ನಾವು ಮಹಾ ಸಭ್ಯರು, ಇನ್ನೊಬ್ಬರ ನೋವಿನ ಸುದ್ದಿಗೆ ಹೋಗುವುದಿಲ್ಲ.

ಆ ಚಳಿಗಾಲದಲ್ಲಿ ಅವಳಿಗೆ ಯಾರೋ ಒಂದು ಪಥ್ಯ ಹೇಳಿಕೊಟ್ಟರು. ಸಕ್ಕರೆ, ಗೋಧಿ, ಅಕ್ಕಿ, ಹಾಲು, ಬೆಣ್ಣೆ, ಕಾಳು, ವೈನು ಎಲ್ಲಕ್ಕೂ ಕತ್ತರಿ. ಮಾಂಸ, ಮೊಟ್ಟೆ, ತರಕಾರಿ, ಹಣ್ಣು ಮಾತ್ರ. ಒಂದು ತಿಂಗಳು ಹೀಗಿದ್ದು, ಆಮೇಲೆ ಬಿಟ್ಟದ್ದನ್ನು ಒಂದೊಂದಾಗಿ ತಿಂದು ನೋಡಿದರೆ ಮೈಗಾಗದ್ದು ಯಾವುದೆಂದು ಗೊತ್ತಾಗುತ್ತದಂತೆ. ನಡುವೆ ಒಂದು ಚೂರು ಬಾಯಿಗೆ ಹೋದರೂ ಮತ್ತೆ ಮೊದಲ ದಿನದಿಂದ ಶುರು ಮಾಡಬೇಕು. ಈಸ್ಟರಿನ ಮುಂಚಿನ ಉಪವಾಸದ ದಿನಗಳು ಹೇಗೂ ಬಂದಿದ್ದವು. ಆರ್ಡೆಲ್ ಅಂದೇ ಶುರು ಮಾಡಿದಳು, ಈಸ್ಟರಿನವರೆಗೂ ಬಿಡುವುದಿಲ್ಲ ಎಂದಳು.

ಎಡವಟ್ಟಾದದ್ದು ನಾದಿನಿಯ ಮನೆಯಲ್ಲಿ. ಗಂಡ ಹಾರ್ಲನ್‌ನ ತಂಗಿ ಲವಾನ್ ಚರ್ಚಿನ ಅಡುಗೆಮನೆಯ ಯಜಮಾನಿ. ಆಲೂಗಡ್ಡೆ, ಕೊಚ್ಚಿದ ಮಾಂಸ, ಡಬ್ಬಿಯ ಅಣಬೆ ಸೂಪು ಸೇರಿಸಿ ಅವಳು ಬೇಯಿಸುವ ಖಾದ್ಯವಿಲ್ಲದೆ ಊರಿನಲ್ಲಿ ಹೆಣವೂ ಏಳುವುದಿಲ್ಲ. ಆ ಭಾನುವಾರ ಆರ್ಡೆಲ್ ಅದನ್ನು ಪಕ್ಕಕ್ಕೆ ಸರಿಸಿದಳು. ನಾನೂ ಆ ಊಟದ ಮೇಜಿನಲ್ಲಿದ್ದೆ.

"ನನ್ನ ಕೈಯಡುಗೆ ತಿಂದು ಇನ್ನೂ ಯಾರೂ ಸತ್ತಿಲ್ಲ ಕಣೇ" ಎಂದಳು ಲವಾನ್.

"ನಿನ್ನಡುಗೆ ಮೇಲೆ ನಂಗೇನೂ ಸಿಟ್ಟಿಲ್ಲ, ಲವಾನ್. ಬೆರಳು ಆಡ್ಬೇಕು ಅಷ್ಟೇ. ಈಸ್ಟರ್‌ಗೆ ನುಡಿಸ್ಬೇಕು ಅಂತ ಆಸೆ."

"ನಮ್ಮನೇಲಿ ಈಗ ಬ್ರೆಡ್ಡನ್ನೂ ಕದ್ದು ತಿನ್ನೋ ಹಂಗಾಗಿದೆ" ಎಂದ ಹಾರ್ಲನ್, ಎರಡನೇ ಸಲ ಬಡಿಸಿಕೊಳ್ಳುತ್ತಾ. ಲವಾನ್ ನಕ್ಕಳು. ಅವಳು ಹಾಗೆ ತುಟಿ ಬಿಗಿದು ನಕ್ಕಳೆಂದರೆ ನಾನು ದೂರ ಕೂರುತ್ತೇನೆ.

ಉಪವಾಸ ನಮ್ಮಲ್ಲಿ ಹೆಸರಿಗಷ್ಟೇ. ಆ ದಿನಗಳ ಪ್ರತಿ ಬುಧವಾರ ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೂಪಿನ ಊಟ. ಮೊದಲ ಬುಧವಾರ ಆರ್ಡೆಲ್ ಬೇಯಿಸಿದ ಮೊಟ್ಟೆಯ ಡಬ್ಬಿ ತಂದಳು. ಹಂಚಿ ತಿನ್ನುವ ಮೇಜಿಗೆ ಸ್ವಂತ ಡಬ್ಬಿ ತರುವುದೆಂದರೆ ನಮ್ಮಲ್ಲಿ ಮುಖಕ್ಕೆ ಉಗಿದ ಹಾಗೆ. ಜನ ಅವಳನ್ನು ಬಿಟ್ಟು ಡಬ್ಬಿಯನ್ನೇ ನೋಡಿದರು. ಮರುವಾರ ಲವಾನ್ ತಾನೇ ಒಂದು ಚಿಕ್ಕ ಪಾತ್ರೆ ಹಿಡಿದು ಬಂದಳು.

"ತಗೋ, ನಿಂಗೇ ಅಂತ ಬೇರೆ ಮಾಡಿದೀನಿ. ಕೋಳಿ, ಕ್ಯಾರೆಟ್ಟು, ಉಪ್ಪು. ಇನ್ನೇನೂ ಇಲ್ಲ."

ಆರ್ಡೆಲ್‌ಗೆ ಕಣ್ಣು ತುಂಬಿ ಬಂತು. ಅಲ್ಲಿಂದ ಮುಂದೆ ಪ್ರತಿ ಬುಧವಾರ ಆ ಚಿಕ್ಕ ಪಾತ್ರೆ ಬರುತ್ತಿತ್ತು.

ಮತ್ತು ಅವಳ ಕೈ ಬಿಡಿಸಿಕೊಂಡಿತು! ಮೊದಲು ಕೋಟಿನ ಗುಂಡಿ ತಾನೇ ಹಾಕಿಕೊಂಡಳು. ಆಮೇಲೊಂದು ಮಧ್ಯಾಹ್ನ ನಾನು ಕೆಳಗೆ ಕಾಫಿ ಪಾತ್ರೆ ತಿಕ್ಕುತ್ತಿದ್ದಾಗ ಮೇಲಿನಿಂದ ಆರ್ಗನ್ ಕೇಳಿಸಿತು. ಒಂದೇ ಸಾಲು, ತಡವರಿಸುತ್ತಾ, ಮತ್ತೆ ಮತ್ತೆ. ಒದ್ದೆ ಕೈಯಲ್ಲೇ ನಿಂತು ಕೇಳಿದೆ. ನನಗಾದ ಸಂತೋಷ ಅಷ್ಟಿಷ್ಟಲ್ಲ. ಈಸ್ಟರಿಗೆ ಆರ್ಡೆಲ್ಲೇ ನುಡಿಸುವುದೆಂದು ಪಾದ್ರಿಗಳು ಸಾರಿದರು.

ಕೊನೆಯ ಬುಧವಾರ ಆರ್ಡೆಲ್ ಎದ್ದು ನಿಂತು ಎಲ್ಲರೆದುರು ಹತ್ತೂ ಬೆರಳು ಬಿಡಿಸಿ ತೋರಿಸಿದಳು. "ಇದು ಲವಾನ್ ಪುಣ್ಯ. ಅವಳು ಬೇರೆ ಮಾಡಿ ಹಾಕ್ದೇ ಇದ್ದಿದ್ರೆ ನಾನು ಯಾವತ್ತೋ ಕೈಬಿಡ್ತಿದ್ದೆ" ಎಂದಳು.

ಲವಾನ್ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಕೂತ್ಕೋ, ಕೂತ್ಕೋ. ಈಗ ನಾನೊಂದು ಹೇಳ್ಲಾ? ಆ ಚಿಕ್ಕ ಪಾತ್ರೆಗೆ ದೊಡ್ಡ ಪಾತ್ರೆಯಿಂದ್ಲೇ ಬಗ್ಗಿಸ್ತಿದ್ದೆ. ಮೈದಾ, ಬೆಣ್ಣೆ, ಒಂದು ಚಮಚ ಸಕ್ಕರೆ, ಎಲ್ಲಾ ಹೊಟ್ಟೆಗೆ ಹಾಕ್ಕೊಂಡಿದೀಯ!"

ಯಾರೋ ಕಿಸಕ್ಕೆಂದರು, ನೆಲಮಾಳಿಗೆಯೆಲ್ಲ ನಕ್ಕಿತು. "ಬೆಣ್ಣೆ ತಿಂದೇ ಬೆರಳು ನೆಟ್ಟಗಾಯ್ತು ಅನ್ನು!" ಎಂದು ಹಾರ್ಲನ್ ಮೇಜು ಕುಟ್ಟಿದ.

"ನಿನ್ನ ಪಥ್ಯದ ಲೆಕ್ಕದಲ್ಲಿ ಇವತ್ತಿಗೂ ನಿಂಗೆ ಮೊದಲನೇ ದಿನಾನೇ ಕಣೇ" ಎಂದಳು ಲವಾನ್. "ಒಳ್ಳೇದಕ್ಕೇ ಹೇಳ್ದೆ. ಎಲ್ಲಾ ನಿನ್ನ ತಲೇಲಿತ್ತು. ಇನ್ಮೇಲಾದ್ರೂ ನಾಲ್ಕು ಜನರ ಹಾಗೆ ತಿನ್ನು."

ಆರ್ಡೆಲ್ ಕೂಡ ನಕ್ಕಳು. ನಮ್ಮಲ್ಲಿ ನಗಲೇಬೇಕು, ಇಲ್ಲದಿದ್ದರೆ ತಮಾಷೆ ಗೊತ್ತಾಗದವಳು ಎನ್ನುತ್ತಾರೆ. ಲವಾನ್ ಬೆಣ್ಣೆ ಸವರಿ ಮುಂದಿಟ್ಟ ಬ್ರೆಡ್ಡನ್ನು ಆರ್ಡೆಲ್ ಪೂರ್ತಿ ತಿಂದಳು.

ಮರುದಿನ ಬೆಳಿಗ್ಗೆ ಮಡಚಿದ ಬೆರಳು ಬಿಚ್ಚಲಿಲ್ಲ. ಬ್ರೆಡ್ಡಿನಿಂದಲೋ ಮಾತಿನಿಂದಲೋ, ಡಾಕ್ಟರಿಗೂ ತಿಳಿಯಲಿಲ್ಲ. ಅವಳು ಮತ್ತೆ ಮೊದಲ ದಿನದಿಂದ ಪಥ್ಯ ಹಿಡಿದಳು. ತಾನೇ ಬೇಯಿಸಿದ ಮೊಟ್ಟೆಯನ್ನೂ ಅನುಮಾನದಿಂದ ನೋಡುತ್ತಿದ್ದಳೆಂದು ಹಾರ್ಲನ್ ಊರೆಲ್ಲ ಹೇಳಿಕೊಂಡು ನಕ್ಕ.

ಈಸ್ಟರಿನ ದಿನ ಯಂತ್ರವೇ ನುಡಿಯಿತು. ಆಮೇಲಿನ ಊಟಕ್ಕೆ ಲವಾನ್ ಹಂದಿಮಾಂಸದ ತಟ್ಟೆ ಹಿಡಿದು ಆರ್ಡೆಲ್ ಪಕ್ಕದಲ್ಲಿ ಕೂತಳು. ನಾನು ಕಾಫಿ ಸುರಿಯುತ್ತಿದ್ದೆ.

"ಮಾತಾಡೇ ಮಾರಾಯ್ತಿ. ಸುಳ್ಳು ಹೇಳ್ಬಾರ್ದಿತ್ತು, ಒಪ್ಕೋತೀನಿ."

"ಸುಳ್ಳು ಹೇಳಿದ್ದಕ್ಕೆ ನಂಗೇನೂ ಬೇಜಾರಿಲ್ಲ, ಲವಾನ್" ಎಂದಳು ಆರ್ಡೆಲ್. "ನಿಜ ಯಾಕೆ ಹೇಳ್ದೆ?"

ಲವಾನ್ ಮಾಂಸವನ್ನು ಸಣ್ಣಗೆ ಕತ್ತರಿಸಿ ಫೋರ್ಕನ್ನು ಆರ್ಡೆಲ್ ಕೈಗಿಟ್ಟಳು. ಅದು ಜಾರಿ ಬಿತ್ತು. ಮತ್ತೆ ಇಟ್ಟಳು, ಮತ್ತೆ ಬಿತ್ತು. ಆಗ ಲವಾನ್ ತಾನೇ ಒಂದೊಂದೇ ಚೂರು ಚುಚ್ಚಿ ಅವಳ ಬಾಯಿಗೆ ಕೊಡತೊಡಗಿದಳು. ಆರ್ಡೆಲ್ ಬಾಯಿ ತೆರೆದಳು, ಅಗಿದಳು, ನುಂಗಿದಳು.

"ಎಂಥಾ ನಾದಿನಿ ನೋಡು" ಎಂದು ಪಕ್ಕದ ಮೇಜಿನವರು ಕಣ್ಣೊರೆಸಿಕೊಂಡರು.