ಅಪ್ಪ ಕೇಳಿದ ಜಪ

ಅಂದು ಬೆಳಿಗ್ಗೆ ಎಂದಿನಂತೆ ಹಾಲು ಕಾಸಿ, ಯಜಮಾನರನ್ನು ಸವಳಂಗದ ಬಸ್ಸಿಗೆ ಕಳಿಸಿ, ಹಾಸಿಗೆ ಹಿಡಿದಿದ್ದ ಅಪ್ಪನಿಗೆ ರಾಗಿ ಗಂಜಿ ಕುಡಿಸಲು ಕೂತಿದ್ದೆ. ಕೊನೇ ಗಳಿಗೆಯಲ್ಲಿ ಪಶ್ಚಾತ್ತಾಪಪಟ್ಟವರಿಗೂ ಸ್ವರ್ಗ ಸಿಗುತ್ತದೆ ಎಂಬುದನ್ನು ಆಗ ನಾನು ನಂಬುತ್ತಿರಲಿಲ್ಲ. ಯೇಸುವಿನ ಪಕ್ಕದ ಶಿಲುಬೆಯಲ್ಲಿ ಸಾಯುವಾಗ ಕ್ಷಮೆ ಕೇಳಿ ಸ್ವರ್ಗ ಪಡೆದ ಕಳ್ಳನ ಕಥೆಯನ್ನು ಕಾನ್ವೆಂಟಿನಲ್ಲಿ ಎಷ್ಟು ಸಲ ಕೇಳಿದ್ದರೂ ಮನಸ್ಸು ಒಪ್ಪಿರಲಿಲ್ಲ. ಕಾರಣ ಅಪ್ಪನೇ.

ನನಗೆ ಏಳು ವರ್ಷವಿದ್ದಾಗ ನಮ್ಮನ್ನು ಬಿಟ್ಟು ಹೋದವರು. ಅಮ್ಮ ಹೊನ್ನಾಳಿಯಲ್ಲಿ ಕಂಡವರ ಮನೆ ಕೆಲಸ ಮಾಡಿ ನನ್ನನ್ನು ಓದಿಸಿದಳು, ಅಪ್ಪನ ಹೆಸರಿನಲ್ಲಿ ದಿನಾ ಜಪಮಾಲೆ ಹೇಳುತ್ತಲೇ ತೀರಿಕೊಂಡಳು. ಮಣ್ಣಿಗೂ ಅವರು ಬರಲಿಲ್ಲ. ಕಾಯಿಲೆ ಬಿದ್ದ ಮೇಲೆ ಚನ್ನಗಿರಿಗೆ, ನನ್ನ ಬಾಗಿಲಿಗೆ ಬಂದರು.

ಎರಡು ಚಮಚ ಗಂಜಿ ಕುಡಿದು ಅಪ್ಪ, “ಆ ತಪ್ಪೊಪ್ಪಿಗೆ ಜಪ ಹೇಳಿಕೊಡವ್ವ. ಮಲಗಾಕೆ ಮುಂಚೆ ನಿಮ್ಮವ್ವ ಹೇಳ್ತಿದ್ಲಲ್ಲ, ಅದು. ಮೊದಲ್ನೇ ಮಾತೇ ಮರ್ತೋಗೈತೆ” ಎಂದರು.

“ನಂಗೆ ಇಂಗ್ಲಿಷ್‌ನಾಗೆ ಮಾತ್ರ ಬರೋದಪ್ಪ. ಭಾನುವಾರ ಫಾದರ್ ಬರ್ತಾರೆ, ಅವರನ್ನೇ ಕೇಳ್ರಿ.”

“ಭಾನುವಾರ ದೂರ ಐತೆ” ಎಂದವರು ಮತ್ತೆ ಗಂಜಿಗೆ ಬಾಯಿ ತೆರೆಯಲಿಲ್ಲ.

ನಾನು ಹೇಳಿದ್ದು ಸುಳ್ಳಲ್ಲ, ಅಮ್ಮ ಹೇಳುತ್ತಿದ್ದುದು ನನಗೂ ಮರೆತಿತ್ತು, ಸಿಸ್ಟರುಗಳು ಕಲಿಸಿದ್ದು ಇಂಗ್ಲಿಷಿನಲ್ಲೇ. ಆದರೆ ‘ದೇವರೇ, ತಪ್ಪಾಯಿತು’ ಎಂದು ನನ್ನ ಮಾತಿನಲ್ಲೇ ಹೇಳಿಕೊಟ್ಟಿದ್ದರೂ ಸಾಕಿತ್ತು. ಗೊತ್ತಿದ್ದೂ ಹೇಳಿಕೊಡಲಿಲ್ಲ. ಅಮ್ಮನ ಒಡೆದ ಕೈಗಳು ಕಣ್ಣ ಮುಂದೆ ಬಂದವು.

ಅಪ್ಪನೊಬ್ಬರನ್ನೇ ಮನೆಯಲ್ಲಿ ಬಿಟ್ಟು, ಹೊರಗಿನಿಂದ ಬೀಗ ಹಾಕಿ ಅವರ ಮಾತ್ರೆ ತರಲು ಹೋದೆ. ಅರ್ಧ ಗಂಟೆ ಆಗಿರಬಹುದು. ಬೀಗ ತೆಗೆದು ಒಳಗೆ ಬಂದರೆ ಅಪ್ಪನಿಗೆ ಉಸಿರಿರಲಿಲ್ಲ. ಬಲಗೈ ಮುಷ್ಟಿ ಕಟ್ಟಿ ಎದೆಯ ಮೇಲಿತ್ತು, ತಪ್ಪೊಪ್ಪಿಕೊಳ್ಳುವಾಗ ಎದೆ ಬಡಿದುಕೊಳ್ಳುತ್ತೇವಲ್ಲ, ಹಾಗೆ. ಮಾತ್ರೆಯ ಪೊಟ್ಟಣ ಪಕ್ಕಕ್ಕಿಟ್ಟು ಅವರ ತಲೆಯ ಬಳಿ ಕೂತೆ. ಕೊನೆಗೆ ಆ ಜಪವನ್ನು ಇಂಗ್ಲಿಷಿನಲ್ಲೇ ಅವರ ಕಿವಿಯಲ್ಲಿ ಹೇಳಿದೆ. ಯಾರಿಗೆ ಬೇಕಿತ್ತು ಆಗ?

ಸಂಜೆ ಪಕ್ಕದ ಮನೆಯ ಹಾಲಮ್ಮ ಫ್ಲಾಸ್ಕಿನಲ್ಲಿ ಚಹಾ ತಂದರು. ಅವರ ಅಡುಗೆಮನೆ ಕಿಟಕಿ ಅಪ್ಪನ ಕೋಣೆಗೆ ಎದುರು. ಅವರು ಅಂದಿದ್ದನ್ನು ಅಂದಂತೆಯೇ ಬರೆಯುತ್ತೇನೆ. ಅದಕ್ಕೆ ಅರ್ಥ ಹೇಳುವುದು ಇಷ್ಟು ವರ್ಷವಾದರೂ ನನ್ನಿಂದಾಗಿಲ್ಲ. ಲೋಟಕ್ಕೆ ಚಹಾ ಬಗ್ಗಿಸುತ್ತ, ಸಾವಿಗೆ ಬಂದು ಕೂತವರನ್ನೆಲ್ಲ ಒಮ್ಮೆ ನೋಡಿ ಕೇಳಿದರು:

“ಬೆಳಿಗ್ಗೆ ನೀವು ಅಂಗಡಿಗೆ ಹೋದಾಗ ಅಜ್ಜಗೆ ಒಂದೊಂದೇ ಮಾತು ಜಪ ಹೇಳಿಕೊಡ್ತಿದ್ರಲ್ಲ, ಆ ಹೆಣ್ಣುಮಗಳು ಎಲ್ರೀ? ಆಕೆಗೂ ಒಂದು ಲೋಟ ತಂದೀನಿ.”