ಶುಕ್ರವಾರವಲ್ಲದ ಕೋರಿರೊಟ್ಟಿ

ನನ್ನ ಗಂಡನಿಗೆ ಬೇಸ್‌ಬಾಲ್ ಹುಚ್ಚು ಹಿಡಿಸಿದ್ದು ಇಲ್ಲಿ ಗಲ್ಫಿನಲ್ಲಿ ಇವರ ಖುರುಮ್ ಆಫೀಸಿನ ಅಮೆರಿಕನ್ ಬಾಸ್. ಬಾಸ್ ಊರಿಗೆ ಮರಳಿದರೂ ಹುಚ್ಚು ನಮ್ಮ ಮನೆಯಲ್ಲೇ ಉಳಿಯಿತು. ಈ ಸಲ ಪ್ಲೇಆಫ್‌ನಲ್ಲಿ ಇವರ ತಂಡ ಎರಡು ಪಂದ್ಯ ಸೋತಿತ್ತು. ಇನ್ನೊಂದು ಸೋತರೆ ಖಲಾಸ್. ಅಲ್ಲಿ ಆಟ ನಡೆಯುವಾಗ ಇಲ್ಲಿ ಇವರು ಕೆಲಸಕ್ಕೆ ಹೊರಡುವ ಹೊತ್ತು. ಹಾಗಾಗಿ ಫಲಿತಾಂಶ ಯಾರೂ ಹೇಳಕೂಡದೆಂದು ಕಟ್ಟಪ್ಪಣೆ ಮಾಡಿ, ಸಂಜೆ ಬಂದು ರೆಕಾರ್ಡಿಂಗ್ ನೋಡುತ್ತಿದ್ದರು.

ನಾನು ಮಧ್ಯಾಹ್ನವೇ ಫೋನಿನಲ್ಲಿ ನೋಡಿಬಿಟ್ಟೆ. ಬಾಯಿ ಬಿಡಲಿಲ್ಲ, ರಜೆಯ ಶುಕ್ರವಾರ ಮಾತ್ರ ಮಾಡುವ, ಅವರಿಗಿಷ್ಟವಾದ ಕೋಳಿಸಾರಿನ ಕೋರಿರೊಟ್ಟಿ ಮಾಡಿಟ್ಟೆ.

ಮೇಜು ನೋಡಿದವರೇ ನಿಂತುಬಿಟ್ಟರು. "ಇವತ್ತು ಶುಕ್ರವಾರ ಅಲ್ಲವಲ್ಲ. ಸೋತದ್ದಾ ಮಾರಾಯ್ತಿ?"

"ಸುಮ್ಮನೆ ಕೂತು ನೋಡಿ," ಎಂದು ಗದರಿದೆ.

ಇಬ್ಬರೂ ಕೊನೆಯವರೆಗೂ ನೋಡಿದೆವು. ಕಡೆಯ ಚೆಂಡಿಗೆ ಅವರು ಕಣ್ಣು ಮುಚ್ಚಿಕೊಂಡರು. ಸೋತದ್ದು ಮೊದಲೇ ಗೊತ್ತಿದ್ದ ನಾನು ಮಾತ್ರ "ಹೊಡಿ ಮಾರಾಯ, ಹೊಡಿ" ಎಂದು ಗೊಣಗುತ್ತಿದ್ದೆ.